ಮೋತಿಯ ರಾತ್ರಿಗಳು

ನಮ್ಮ ಮನೆಗೆ ಬಂದುಹೋಗುವ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಮೋತಿಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ೨೦೧೧ರ ಮುಂಗಾರಿನಲ್ಲಿ, ಆಗ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಮಗಳು ಮಂಡ್ಯದ ಬಸ್ ನಿಲ್ದಾಣದ ಬಳಿಯಿಂದ ದುಪಟ್ಟಾದಲ್ಲಿ ಸುತ್ತಿ ಎತ್ತಿಕೊಂಡು ಬಂದ ನಾಟಿ ನಾಯಿಮರಿ. ಕಂದು ಮೈ, ಬಿಳಿಯ ಮುಂಗಾಲು, ಮಡಿಸಿದ ಒಂದು ಕಿವಿ. ಗೇಟಿನ ಸದ್ದಾದೊಡನೆ ಅಂಗಳಕ್ಕೆ ಹಾರಿ ಬಂದು, ಬಂದವರ ಚಪ್ಪಲಿಯನ್ನು ಮೂಸಿ, ಪರಿಚಿತರೆಂದು ಖಾತ್ರಿಯಾದ ಮೇಲೆ ಒಳಗೆ ಬಿಡುವುದು ಅವನ ಕ್ರಮ. ವ್ಯಾಕರಣದ ಪ್ರಕಾರ ನಾಯಿಯನ್ನು 'ಅದು' ಎನ್ನಬೇಕು. ಆದರೆ ಹದಿನಾಲ್ಕು ವರ್ಷಗಳಿಂದ ನಮ್ಮ ಮನೆಯಲ್ಲಿ ಅವನು 'ಅವನೇ' ಆಗಿರುವುದರಿಂದ, ನನ್ನ ಸಹೋದ್ಯೋಗಿಗಳಾಗಿದ್ದ ಕನ್ನಡ ಪಂಡಿತರು ಈ ಲೇಖನದ ಮಟ್ಟಿಗೆ ಲಿಂಗವಿವಕ್ಷೆಯನ್ನು ಬದಿಗಿಡಬೇಕಾಗಿ ವಿನಂತಿ.

ಈಚೆಗೆ ದೂರವಾಣಿಯಲ್ಲಿ ಮಾತನಾಡಿದ ಹಲವರು "ಮೋತಿ ಹೇಗಿದಾನೆ ಸಾರ್?" ಎಂದು ಕೇಳಿದರು. ಅದಕ್ಕೆ ಒಂದು ಮಾತಿನ ಉತ್ತರವಿಲ್ಲ. ಹಗಲಿನಲ್ಲಿ ಚೆನ್ನಾಗಿದ್ದಾನೆ. ರಾತ್ರಿಯಲ್ಲಿ ಮಾತ್ರ ಅವನು ಬೇರೆಯೇ ಒಂದು ನಾಯಿ. ಆ ರಾತ್ರಿಗಳ ವಿಷಯವನ್ನು, ಅವುಗಳೊಡನೆ ನಾನೂ ನನ್ನ ಪತ್ನಿಯೂ ಹೇಗೆ ಬಾಳುತ್ತಿದ್ದೇವೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮುದಿ ನಾಯಿಯನ್ನು ಸಾಕುತ್ತಿರುವ ಮನೆಗಳು ನಿಮ್ಮಲ್ಲಿಯೂ ಇರಬಹುದು.

ಕಳೆದ ವರ್ಷದ ಕಾರ್ತಿಕ ಮಾಸದಲ್ಲಿ ಇದು ಆರಂಭವಾಯಿತು. ಮಧ್ಯರಾತ್ರಿ ಕಳೆದು ಸುಮಾರು ಒಂದು ಒಂದೂವರೆಗೆ ಮೋತಿ ಎದ್ದು ನಡೆಯತೊಡಗುತ್ತಿದ್ದ. ನಡುಮನೆಯಿಂದ ಅಡಿಗೆಮನೆಗೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ, ಮತ್ತೆ ನಡುಮನೆಗೆ. ಕೆಂಪು ಗಾರೆಯ ನೆಲದ ಮೇಲೆ ಅವನ ಉಗುರುಗಳ ಟಕ್ ಟಕ್ ಸದ್ದು ಗಡಿಯಾರದ ಸದ್ದಿನಂತೆ ಕೇಳುತ್ತಿತ್ತು. ಕೆಲವೊಮ್ಮೆ ಗೋಡೆಗೆ ಮುಖವಿಟ್ಟು ಸುಮ್ಮನೆ ನಿಂತಿರುತ್ತಿದ್ದ. ಕೆಲವೊಮ್ಮೆ ಬಾಗಿಲು ತೆರೆಯುವ ಕಡೆಗೆ ನಿಲ್ಲದೆ ತಿರುಗುಣಿಯ ಕಡೆಗೆ ನಿಂತು, ಅದು ಏಕೆ ತೆರೆಯುತ್ತಿಲ್ಲವೆಂದು ಮುಲುಗುತ್ತಿದ್ದ. ಬೀರುವಿನ ಹಿಂದಿನ ಸಂದಿಗೆ ನುಗ್ಗಿದರೆ ಹಿಮ್ಮುಖವಾಗಿ ಬರುವುದು ಅವನಿಗೆ ತಿಳಿಯುತ್ತಿರಲಿಲ್ಲ. ಆಗ ಅವನು ಅಳುತ್ತಿದ್ದ. ಬೊಗಳುವುದಲ್ಲ, ಊಳಿಡುವುದಲ್ಲ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಅಳುವಿನಂಥ ಒಂದು ಸಣ್ಣ ದನಿ. ನಾಲ್ಕು ಗಂಟೆಯ ಹೊತ್ತಿಗೆ ಬಳಲಿ ಮಲಗಿದರೆ ಬೆಳಿಗ್ಗೆ ಏನೂ ನಡೆದಿಲ್ಲವೆಂಬಂತೆ ಬಾಲವಾಡಿಸುತ್ತ ಬಂದು ನಿಲ್ಲುತ್ತಿದ್ದ.

ಸುದ್ದಿ ಬೀದಿಗೆ ತಿಳಿಯಲು ತಡವಾಗಲಿಲ್ಲ. ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಳು. ಅವಳ ತಂದೆ ಒಂದು ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ರಾತ್ರಿ ಇಡೀ ನಿಮ್ಮ ನಾಯಿ ಅಳೋದು ಕೇಳ್ತದೆ" ಎಂದರು. ಪಾಪ, ಅವರ ಮಾತಿನಲ್ಲಿ ಕೋಪವಿರಲಿಲ್ಲ, ಸಂಕೋಚವೇ ಇತ್ತು. ಊರಿನಿಂದ ಬಂದಿದ್ದ ನನ್ನ ಸೋದರತ್ತೆ ಎರಡು ರಾತ್ರಿ ಕೇಳಿಸಿಕೊಂಡು, ನಾಯಿಗೆ ಯಮದೂತರು ಕಾಣಿಸುತ್ತಾರೆ, ಮನೆಯಲ್ಲಿ ಶಾಂತಿ ಮಾಡಿಸಬೇಕು ಎಂದರು. ಇನ್ನೊಬ್ಬ ಪರಿಚಿತರು ಬಹಳ ವ್ಯವಹಾರಜ್ಞಾನದಿಂದ, ಹೆದ್ದಾರಿಯ ಡಾಬಾವೊಂದರ ಬಳಿ ಬಿಟ್ಟು ಬಂದರೆ ಎಂಜಲು ತಿಂದುಕೊಂಡು ಇರುತ್ತದೆ ಎಂದು ಸಲಹೆ ನೀಡಿದರು. ಕಣ್ಣು ಮಂಜಾದ, ಕಿವಿ ಮಂದವಾದ ನಾಯಿಯನ್ನು ಹೆದ್ದಾರಿಯಲ್ಲಿ ಬಿಡುವುದೆಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು ೧೯೬೦ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದೆಂದು ಅವರಿಗೆ ತಿಳಿಸಿದೆ. ಅವರು ನಕ್ಕು, "ಮೇಷ್ಟ್ರು ಮೇಷ್ಟ್ರೇ" ಎಂದು ಎದ್ದುಹೋದರು.

ಆದರೆ ಅದೇ ಸೋದರತ್ತೆ ಹೊರಡುವ ದಿನ ಕಾಫಿ ಕುಡಿಯುತ್ತ ಇನ್ನೊಂದು ಮಾತು ಹೇಳಿದರು. "ನಮ್ಮತ್ತೆಯೂ ಕೊನೆಗಾಲದಲ್ಲಿ ಹೀಗೇ ಕಣೋ. ದೀಪ ಹಚ್ಚೋ ಹೊತ್ತಾದರೆ ಸಾಕು, ಸೆರಗು ಕಟ್ಟಿಕೊಂಡು 'ನಡಿ, ಮನೆಗೆ ಹೋಗೋಣ' ಅನ್ನೋರು. 'ಇದೇ ಮನೆ ಕಣಮ್ಮ' ಅಂದರೆ ನಂಬ್ತಿರಲಿಲ್ಲ." ಯಮದೂತರ ಮಾತಿಗಿಂತ ಈ ಮಾತು ಸತ್ಯಕ್ಕೆ ಬಹಳ ಸಮೀಪವಾಗಿತ್ತೆಂದು ಮುಂದೆ ವೈದ್ಯರನ್ನು ಕಂಡಾಗ ತಿಳಿಯಿತು.

ಈ ಸಂದರ್ಭದಲ್ಲಿ ನನಗೊಂದು ಯೋಚನೆ ಬಂತು. ನಾಯಿಯ ನಿಷ್ಠೆಯನ್ನು ಕೊಂಡಾಡುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಕಥೆ ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯದೇ ಆದ ಆತಕೂರಿನ ಶಾಸನ ಇನ್ನೂ ಹತ್ತಿರದ್ದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೫೦ರ ಸುಮಾರಿನ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ್ದು. ಮಣಲೇರನೆಂಬ ವೀರನಿಗೆ ಅವನ ಪರಾಕ್ರಮದ ಮೆಚ್ಚುಗೆಯಾಗಿ ದೊರೆತ ನಾಯಿ ಅದು. ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಶಾಲೆಯ ಪ್ರವಾಸದಲ್ಲಿ ನಿಮ್ಮಲ್ಲಿ ಕೆಲವರನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಆ ಕಲ್ಲನ್ನು ತೋರಿಸಿದ್ದು ನೆನಪಿರಬಹುದು. ಹಂದಿಯ ಮೇಲೆ ಬಿದ್ದ ನಾಯಿಯ ಕೆತ್ತನೆಯನ್ನು ನೋಡಿ ನೀವೆಲ್ಲ ಬೆರಗಾಗಿದ್ದಿರಿ. ಆದರೆ ಕಾಳಿಗೆ ಮುಪ್ಪು ಬರಲಿಲ್ಲ. ನಮ್ಮ ಕಥೆಗಳ ನಾಯಿಗಳು ಹೋರಾಡಿ ಸಾಯುತ್ತವೆ, ಇಲ್ಲವೇ ದೇವರಾಗುತ್ತವೆ. ಹಲ್ಲುದುರಿ, ಕಾಲು ಸೋತು, ಸ್ವಂತ ಮನೆಯಲ್ಲಿಯೇ ದಾರಿ ತಪ್ಪುವ ನಾಯಿಗೆ ಏನು ಮಾಡಬೇಕೆಂದು ಅವು ಹೇಳಿಕೊಟ್ಟಿಲ್ಲ. ಅದನ್ನು ನಾವೇ ಕಲಿಯಬೇಕು.

ನನ್ನ ಹಳೆಯ ವಿದ್ಯಾರ್ಥಿಯೇ ಆದ ಪಶುವೈದ್ಯರೊಬ್ಬರಿದ್ದಾರೆ. ಅವರ ಹೆಸರನ್ನು ಬರೆದರೆ ಅವರಿಗೆ ಮುಜುಗರವಾದೀತು. ಮೋತಿಯನ್ನು ಅವರ ಬಳಿಗೆ ಕರೆದೊಯ್ದಾಗ ಅವರು ಮೊದಲು ಮಿದುಳಿನ ಮಾತನ್ನೇ ಎತ್ತಲಿಲ್ಲ. "ಸಾರ್, ಮುದಿ ನಾಯಿ ರಾತ್ರಿ ಎದ್ದರೆ ಅದಕ್ಕೆ ಹತ್ತು ಕಾರಣ ಇರಬಹುದು. ವಯಸ್ಸಾಯ್ತು ಅನ್ನೋದು ಕೊನೇ ಕಾರಣ. ಮೊದಲು ಮಿಕ್ಕಿದ್ದನ್ನು ನೋಡೋಣ" ಎಂದರು. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಹುಡುಗ ಇಷ್ಟು ಕ್ರಮಬದ್ಧವಾಗಿ ಯೋಚಿಸುವುದನ್ನು ಕಂಡು ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಸಂಧಿವಾತವಿದ್ದರೆ ಮಲಗಿದ ಕಡೆ ನೋವು ಹೆಚ್ಚಾಗಿ ನಾಯಿ ಎದ್ದೆದ್ದು ನಡೆಯುತ್ತದೆ. ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆಯಿದ್ದರೆ ನೀರು ಹೆಚ್ಚು ಕುಡಿದು, ಮೂತ್ರಕ್ಕಾಗಿ ರಾತ್ರಿ ಏಳುತ್ತದೆ. ಮೂತ್ರಕೋಶದ ಸೋಂಕು, ಹಲ್ಲಿನ ನೋವು, ರಕ್ತದೊತ್ತಡ, ಕಣ್ಣು ಕಿವಿಗಳ ಶಕ್ತಿ ಕುಂದುವುದು, ಇವೆಲ್ಲವೂ ನಿದ್ದೆಯನ್ನು ಕೆಡಿಸಬಲ್ಲವು. ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸಿದೆವು, ಎಕ್ಸ್‌ರೇ ತೆಗೆಸಿದೆವು. ಮೂತ್ರಪಿಂಡ ಸರಿಯಾಗಿತ್ತು, ಸಕ್ಕರೆ ಇರಲಿಲ್ಲ. ಸೊಂಟದ ಕೀಲುಗಳು ಸವೆದಿದ್ದವು. ಕಣ್ಣಿನ ಮಸೂರ ವಯೋಸಹಜವಾಗಿ ನೀಲಿ ಮಬ್ಬಾಗಿತ್ತು. ಕಿವಿ ಅರ್ಧದಷ್ಟೂ ಕೇಳುತ್ತಿರಲಿಲ್ಲ. ಕೀಲುನೋವಿಗೆ ಔಷಧ ಬರೆದುಕೊಟ್ಟು, ಒಂದು ಎಚ್ಚರಿಕೆಯನ್ನು ಎರಡು ಸಲ ಹೇಳಿದರು: ನಾವು ನುಂಗುವ ನೋವಿನ ಮಾತ್ರೆಗಳನ್ನು, ವಿಶೇಷವಾಗಿ ಐಬುಪ್ರೊಫೆನ್ ಅನ್ನು, ನಾಯಿಗೆ ಎಂದೂ ಕೊಡಕೂಡದು. ಅದು ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ವಿಷ. ಇದನ್ನು ಓದುವವರು ದಯವಿಟ್ಟು ನೆನಪಿಡಿ.

ಕೀಲುನೋವು ಇಳಿದ ಮೇಲೆ ರಾತ್ರಿಯ ತಿರುಗಾಟ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಗೋಡೆ ನೋಡುವುದು, ಮೂಲೆಯಲ್ಲಿ ಸಿಕ್ಕಿಕೊಳ್ಳುವುದು, ಬಾಗಿಲ ತಪ್ಪು ಬದಿಯಲ್ಲಿ ನಿಲ್ಲುವುದು ಹಾಗೆಯೇ ಇದ್ದವು. ಆಗ ವೈದ್ಯರು, "ಸಾರ್, ಇದು ಮನುಷ್ಯರ ಮರೆಗುಳಿ ಕಾಯಿಲೆಯ ತಮ್ಮ" ಎಂದರು.

ಜೀವಶಾಸ್ತ್ರ ಕಲಿಸಿದವನಾದ್ದರಿಂದ ಇದನ್ನು ಕುರಿತು ಎರಡು ಮಾತು ಹೇಳದಿರಲಾರೆ. ೧೯೦೬ರಲ್ಲಿ ಜರ್ಮನಿಯ ಅಲ್ಜೈಮರ್ ಎಂಬ ವೈದ್ಯರು, ನೆನಪನ್ನು ಕಳೆದುಕೊಂಡು ತೀರಿಹೋದ ಒಬ್ಬ ಹೆಂಗಸಿನ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಕಂಡ ವಿಚಿತ್ರ ಸಂಚಯಗಳನ್ನು ವಿವರಿಸಿದರು. ಆ ಸಂಚಯಗಳು ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನವು. ಮುದಿ ನಾಯಿಗಳ ಮಿದುಳಿನಲ್ಲಿಯೂ ಅದೇ ಪ್ರೋಟೀನು ಸಂಚಯವಾಗುತ್ತದೆ, ಮಿದುಳು ಕುಗ್ಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ೧೧-೧೨ ವರ್ಷದ ನಾಯಿಗಳಲ್ಲಿ ಶೇಕಡ ೨೮ರಷ್ಟು, ೧೫-೧೬ ವರ್ಷದವುಗಳಲ್ಲಿ ಶೇಕಡ ೬೮ರಷ್ಟು ನಾಯಿಗಳಲ್ಲಿ ಈ ಬಗೆಯ ಒಂದಾದರೂ ಲಕ್ಷಣ ಕಂಡುಬಂದಿತು. ದಿಕ್ಕು ತಪ್ಪುವುದು, ಮನೆಯವರೊಡನೆ ಒಡನಾಟ ಬದಲಾಗುವುದು, ನಿದ್ದೆ ಎಚ್ಚರಗಳು ಅದಲುಬದಲಾಗುವುದು, ಕಲಿತಿದ್ದ ಶೌಚದ ಶಿಸ್ತು ತಪ್ಪುವುದು ಇವೇ ಆ ಲಕ್ಷಣಗಳು. ಎಂದರೆ ಮೋತಿ ಅಪರೂಪದ ರೋಗಿಯಲ್ಲ. ಅವನ ಓರಗೆಯವರಲ್ಲಿ ಹೆಚ್ಚಿನವರ ಪಾಡು ಇದೇ.

ಇನ್ನು ರಾತ್ರಿಯ ಮಾತು. ಮಿದುಳಿನ ತಳಭಾಗದಲ್ಲಿ, ಹೈಪೋಥಲಾಮಸ್ಸಿನಲ್ಲಿ, ದೇಹದ ಗಡಿಯಾರವೊಂದಿದೆ. ಕಣ್ಣಿನ ಮೂಲಕ ಬರುವ ಬೆಳಕಿನಿಂದ ಅದು ದಿನವೂ ತನ್ನ ಮುಳ್ಳುಗಳನ್ನು ಸರಿಪಡಿಸಿಕೊಳ್ಳುತ್ತದೆ. ಕತ್ತಲಾದಾಗ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಸ್ರವಿಸಿ ನಿದ್ದೆಗೆ ಸಮಯವಾಯಿತೆಂದು ಮೈಗೆ ತಿಳಿಸುತ್ತದೆ. ಮುಪ್ಪಿನ ಮಿದುಳಿನಲ್ಲಿ ಈ ಏರ್ಪಾಡು ಸಡಿಲವಾಗುತ್ತದೆ. ಕಣ್ಣು ಮಂಜಾದರೆ ಬೆಳಕಿನ ಸೂಚನೆಯೂ ಕ್ಷೀಣ. ಹಗಲೆಲ್ಲ ತೂಕಡಿಸಿದ ನಾಯಿಗೆ ಮಧ್ಯರಾತ್ರಿಯಲ್ಲಿ ಎಚ್ಚರವಾಗುತ್ತದೆ. ಎದ್ದಾಗ ಕತ್ತಲು, ಕಣ್ಣು ಕಾಣದು, ಕಿವಿ ಕೇಳದು, ತಾನೆಲ್ಲಿದ್ದೇನೆಂಬ ನೆನಪೂ ಮಸುಕು. ಅಂಥ ಜೀವ ಅಳದೆ ಇನ್ನೇನು ಮಾಡೀತು? ಮೋತಿಗೆ ಯಮದೂತರು ಕಾಣಿಸುತ್ತಿರಲಿಲ್ಲ. ಅವನಿಗೆ ನಾವೇ ಕಾಣಿಸುತ್ತಿರಲಿಲ್ಲ.

ಈ ಕಾಯಿಲೆಯನ್ನು ಗುಣಪಡಿಸುವ ಔಷಧವಿಲ್ಲ. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಬಳಸುವ ಸೆಲಿಜಿಲಿನ್ ಎಂಬ ಔಷಧಕ್ಕೆ ೧೯೯೮ರಲ್ಲಿ ಅಮೆರಿಕದಲ್ಲಿ ನಾಯಿಗಳ ಈ ತೊಂದರೆಗಾಗಿ ಅನುಮತಿ ದೊರೆಯಿತು. ಎಲ್ಲ ನಾಯಿಗಳಿಗೂ ಅದು ಒಗ್ಗುವುದಿಲ್ಲ, ಬೇರೆ ಕೆಲವು ಔಷಧಗಳೊಡನೆ ಕೊಡುವಂತಿಲ್ಲ, ಗುಣ ಕಾಣಲು ವಾರಗಳೇ ಬೇಕು. ಏನು ಕೊಡಬೇಕು, ಎಷ್ಟು ಕೊಡಬೇಕೆಂಬುದು ವೈದ್ಯರ ನಿರ್ಧಾರ. ಮೋತಿಯ ಔಷಧದ ವಿವರವನ್ನು ನಾನಿಲ್ಲಿ ಬರೆಯದಿರುವುದಕ್ಕೆ ಕಾರಣ, ಅದನ್ನು ನೋಡಿ ಯಾರಾದರೂ ತಮ್ಮ ನಾಯಿಗೆ ಕೊಟ್ಟಾರೆಂಬ ಅಂಜಿಕೆ. ಆದರೆ ವೈದ್ಯರು ಔಷಧಕ್ಕಿಂತ ಹೆಚ್ಚು ಒತ್ತುಕೊಟ್ಟು ಹೇಳಿದ್ದು ಬೇರೆ. "ಸಾರ್, ಪ್ರಯೋಗಶಾಲೆಯಲ್ಲಿ ನಮ್ಮ ಕೈಲಿ ಬರೆಸ್ತಿದ್ದಿರಲ್ಲ, ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಅಂತ. ಹಾಗೆ ಎರಡು ವಾರ ಬರೆದುಕೊಂಡು ಬನ್ನಿ."

ಗುರುವಿಗೆ ಶಿಷ್ಯ ಕೊಟ್ಟ ಮನೆಪಾಠವನ್ನು ಮಾಡದಿರಲಾದೀತೆ? ಹಾಳೆಗೆ ಗೆರೆ ಹೊಡೆದು ಹಾಜರಿ ಪುಸ್ತಕವೊಂದನ್ನು ಮಾಡಿದೆ. ಎಷ್ಟು ಗಂಟೆಗೆ ಎದ್ದ, ಎಷ್ಟು ಹೊತ್ತು ನಡೆದ, ಹಗಲು ಎಷ್ಟು ಮಲಗಿದ್ದ, ಏನು ತಿಂದ, ಮನೆಯಲ್ಲಿ ಏನು ವಿಶೇಷವಿತ್ತು ಎಂಬ ಐದು ಕಲಮುಗಳು. ಹದಿನಾಲ್ಕು ರಾತ್ರಿಗಳಲ್ಲಿ ಹನ್ನೊಂದು ರಾತ್ರಿ ಎದ್ದಿದ್ದ. ಆದರೆ ಎಲ್ಲ ರಾತ್ರಿಗಳೂ ಒಂದೇ ಸಮನಾಗಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸಂಜೆಯವರೆಗೆ ಒಂದೇ ಸಮನೆ ಮಲಗಿದ ದಿನಗಳ ರಾತ್ರಿ ಅತಿ ಕಠಿಣವಾಗಿದ್ದವು. ಮನೆಗೆ ನೆಂಟರು ಬಂದ ದಿನ, ವಿದ್ಯುತ್ ಹೋಗಿ ಮನೆಯೆಲ್ಲ ಕತ್ತಲಾದ ದಿನ, ಕುರ್ಚಿ ಮೇಜುಗಳ ಜಾಗ ಬದಲಾದ ದಿನ ಹೆಚ್ಚು ಅತ್ತಿದ್ದ. ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಬಹಳ ಹೊತ್ತು ಇದ್ದ ದಿನಗಳ ರಾತ್ರಿಯಲ್ಲಿ ಮೂರು ಸಲ ಏಳಲೇ ಇಲ್ಲ. ತೀರ್ಮಾನ ತಾನಾಗಿಯೇ ಹೊರಬಿತ್ತು. ಒಳಗಿನ ಗಡಿಯಾರ ಕೆಟ್ಟವನಿಗೆ ಹೊರಗಿನ ಗಡಿಯಾರ ಬೇಕು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ಗಂಟೆಗೆ ಸರಿಯಾಗಿ ಬಾಳಿದವನು ನಾನು. ಮೋತಿಗೊಂದು ವೇಳಾಪಟ್ಟಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ.

ಆ ಪಟ್ಟಿ ಹೀಗಿದೆ. ಬೆಳಿಗ್ಗೆ ಆರೂವರೆಯಿಂದ ಏಳೂಕಾಲರವರೆಗೆ ಅಂಗಳದಲ್ಲಿ ಎಳೆಬಿಸಿಲು. ಎಂಟಕ್ಕೆ ತಿಂಡಿ ಮತ್ತು ಔಷಧ. ಮಧ್ಯಾಹ್ನ ನಿದ್ದೆಗೆ ಎರಡು ಪಿರಿಯಡ್, ನಡುವೆ ಕಡ್ಡಾಯವಾಗಿ ವಿರಾಮ. ವಿರಾಮದಲ್ಲಿ ಹಿತ್ತಿಲ ತೆಂಗಿನ ಬುಡಗಳನ್ನು ಸುತ್ತಿಸಿ ಕರೆತರುವುದು. ಸಂಜೆ ಐದೂವರೆಗೆ ಬೀದಿಯಲ್ಲಿ ನಿಧಾನದ ನಡಿಗೆ. ಇಲ್ಲಿ ದೂರ ಮುಖ್ಯವಲ್ಲ, ಮೂಸುವುದು ಮುಖ್ಯ. ಪ್ರತಿ ಕಂಬದ ಬಳಿಯೂ ಅವನಿಗೆ ಬೇಕಾದಷ್ಟು ಸಮಯ. ನಾವು ಪತ್ರಿಕೆ ಓದುವಂತೆ ಅವನದು ಅದು. ಆಮೇಲೆ ಒಂದು ಆಟ: ಚಪಾತಿಯ ಆರೇಳು ಚೂರುಗಳನ್ನು ಗೋಣಿಚೀಲದ ಮಡಿಕೆಗಳಲ್ಲಿ ಬಚ್ಚಿಟ್ಟು ಹುಡುಕಿಸುವುದು. ಕಣ್ಣು ಕಿವಿಗಳು ಕೈಬಿಟ್ಟರೂ ಅವನ ಮೂಗು ಇನ್ನೂ ಅವನದಾಗಿಯೇ ಇದೆ. ಆ ಹತ್ತು ನಿಮಿಷ ಅವನು ಮುದುಕನಲ್ಲ. ಏಳಕ್ಕೆ ಹಗುರವಾದ ರಾತ್ರಿಯೂಟ. ಸಣ್ಣ ರಾಗಿಮುದ್ದೆ, ಬೇಯಿಸಿದ ಮೊಟ್ಟೆ. ಹತ್ತಕ್ಕೆ ಸರಪಳಿ ಹಾಕಿ ಹಿತ್ತಿಲಿಗೆ ಕೊನೆಯ ಸಲ ಕರೆದೊಯ್ದು, ದೀಪವಾರಿಸುವುದು.

ಮನೆಯನ್ನೂ ಸ್ವಲ್ಪ ಬದಲಾಯಿಸಿದೆವು, ಬದಲಾಯಿಸಿದ ಮೇಲೆ ಒಂದು ಮಣೆಯನ್ನೂ ಕದಲಿಸದಿರಲು ನಿಶ್ಚಯಿಸಿದೆವು. ಅವನ ಹಾಸಿಗೆ ಪಕ್ಕದ ಮನೆಯ ಕಿಟಕಿಗೆ ಎದುರಾಗಿದ್ದ ಮುಂದಿನ ಕೋಣೆಯಿಂದ ನಡುಮನೆಗೆ ಬಂತು. ಪರೀಕ್ಷೆಗೆ ಓದುವ ಹುಡುಗಿಗೆ ಅದರಿಂದ ಸಮಾಧಾನವಾಯಿತು. ಮಲಗುವ ಜಾಗದಿಂದ ಹಿತ್ತಿಲ ಬಾಗಿಲವರೆಗೆ ಹಳೆಯ ಜಮಖಾನ, ರಬ್ಬರ್ ಮ್ಯಾಟುಗಳನ್ನು ಸಾಲಾಗಿ ಹಾಸಿದೆವು. ನುಣುಪು ಗಾರೆಯ ಮೇಲೆ ಅವನ ಹಿಂಗಾಲು ಜಾರುತ್ತಿತ್ತು. ಈಗ ಕಾಲಿನಡಿಯ ಒರಟೇ ಅವನಿಗೆ ದಾರಿ ಹೇಳುತ್ತದೆ. ಬೀರುವಿನ ಸಂದಿಗೆ ಹಳೆಯ ಟ್ರಂಕೊಂದನ್ನು ಅಡ್ಡವಿಟ್ಟೆವು. ನಡುಮನೆಯಲ್ಲಿ ರಾತ್ರಿಯಿಡೀ ಒಂದು ಜೀರೋ ಕ್ಯಾಂಡಲ್ ಬಲ್ಬು ಉರಿಯುತ್ತದೆ. ಹಾಸಿಗೆಯ ಮೇಲೆ ನಾನುಟ್ಟು ಬಿಟ್ಟ ಹಳೆಯ ಪಂಚೆ, ಒಗೆಯದೆಯೇ ಹಾಸಿದ್ದು. ಕತ್ತಲಲ್ಲಿ ಎಚ್ಚರವಾದಾಗ ಮನೆಯವರ ವಾಸನೆಯಾದರೂ ಮೂಗಿಗೆ ಬಡಿಯಲಿ ಎಂದು.

ಅವನು ಎದ್ದಾಗ ಮಾಡಬೇಕಾದುದಕ್ಕೂ ಒಂದು ಕ್ರಮವಿದೆ. ದೊಡ್ಡ ದೀಪ ಹಾಕುವುದಿಲ್ಲ. ಗದರುವುದಿಲ್ಲ, ಏಕೆಂದರೆ ಅವನು ಮಾಡುತ್ತಿರುವುದು ತುಂಟತನವಲ್ಲ. ಹಿಂದಿನಿಂದ ಮುಟ್ಟುವುದಿಲ್ಲ, ಕಿವಿ ಕೇಳದ ನಾಯಿ ಬೆಚ್ಚಿ ಬೀಳುತ್ತದೆ. ಮುಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಅಂಗೈಯನ್ನು ಅವನ ಮೂಗಿಗೆ ಒಡ್ಡುತ್ತೇನೆ. ಒಂದೆರಡು ಸಲ ಮೂಸುತ್ತಾನೆ. ಆಮೇಲೆ ಅವನ ಮೈ ಸಡಿಲವಾಗುವುದು ಆ ಮಂದ ಬೆಳಕಿನಲ್ಲಿಯೂ ಕಾಣುತ್ತದೆ. ಹಿತ್ತಿಲಿಗೆ ಕರೆದೊಯ್ದು, ಮೂತ್ರ ಮಾಡಿಸಿ, ಮರಳಿ ಕರೆತಂದು ಹಾಸಿಗೆಯಲ್ಲಿ ಮಲಗಿಸಿ, ಎದೆಯ ಮೇಲೆ ಕೈಯಿಟ್ಟು ಕುಳಿತಿರುತ್ತೇನೆ. ತಿನ್ನಲು ಏನನ್ನೂ ಕೊಡುವುದಿಲ್ಲ. ಕೊಟ್ಟರೆ ಆ ಹೊತ್ತಿಗೆ ಏಳುವುದೇ ಅಭ್ಯಾಸವಾಗುತ್ತದೆ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ತಿರುಗಾಟ ಹೀಗೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು.

ಇಷ್ಟನ್ನು ಓದಿ ಎಲ್ಲವೂ ಸುಸೂತ್ರವಾಯಿತೆಂದು ಭಾವಿಸಬೇಡಿ. ಈ ವರ್ಷದ ಮಳೆಗಾಲದಲ್ಲಿ ಬಿಸಿಲೇ ಇಲ್ಲದ ಒಂದು ವಾರ ಬಂತು. ಎಳೆಬಿಸಿಲಿಲ್ಲ, ಸಂಜೆಯ ನಡಿಗೆಯಿಲ್ಲ, ಮೇಲಾಗಿ ಗುಡುಗು. ಮೋತಿ ಸತತವಾಗಿ ಆರು ರಾತ್ರಿ ಅತ್ತ. ಏಳನೆಯ ಬೆಳಿಗ್ಗೆ ನನ್ನ ಪತ್ನಿ ಒಲೆಯ ಮುಂದೆ ತಲೆಸುತ್ತಿ ಕುಳಿತುಬಿಟ್ಟಳು. ಮೊದಲೇ ರಕ್ತದೊತ್ತಡವಿರುವವಳು. ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸಿ, ರಾತ್ರಿ ನಿದ್ದೆ ಕೆಡುವಂತಿಲ್ಲವೆಂದು ಖಂಡಿತವಾಗಿ ಹೇಳಿದರು. ಆ ಭಾನುವಾರ ಬೆಂಗಳೂರಿನಿಂದ ಮಗಳು ಬಂದಳು. ಅಮ್ಮನ ಮುಖ ನೋಡಿದಳು, ಜಮಖಾನದ ಮೇಲೆ ಮಲಗಿದ್ದ ಮೋತಿಯ ತಲೆ ಸವರಿದಳು. ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ಒಂದು ಮಾತು ಕೇಳ್ತೀನಿ, ಬೇಸರ ಮಾಡ್ಕೋಬೇಡಿ. ಇವನನ್ನ ಇವನಿಗೋಸ್ಕರ ಉಳಿಸಿಕೊಂಡಿದೀವಾ, ನಮಗೋಸ್ಕರಾನಾ?" ಎಂದಳು.

ನೋವಿಲ್ಲದೆ ಕೊನೆಗಾಣಿಸುವ ಚುಚ್ಚುಮದ್ದಿನ ಮಾತು ಅವಳ ಬಾಯಿಂದ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಅವನನ್ನು ಮಳೆಯಿಂದ ಎತ್ತಿ ತಂದವಳೇ ಅವಳು. ಆ ಪ್ರಶ್ನೆ ಕೇಳುವುದು ಅವಳಿಗೆಷ್ಟು ಕಷ್ಟವಾಗಿತ್ತೆಂದು ಅವಳ ಗಂಟಲೇ ಹೇಳುತ್ತಿತ್ತು. ನನ್ನ ಪತ್ನಿ ಮಾತ್ರ ತಟ್ಟನೆ, "ನಾನು ಸುಸ್ತಾಗಿದೀನಿ ಅಂತ ಅವನನ್ನ ಕಳಿಸೋದು ಬೇಡ. ಅವನಿಗೆ ಸಾಕಾದ್ರೆ ಕಳಿಸೋಣ" ಎಂದಳು. ನಮ್ಮ ದಣಿವು ಬೇರೆ, ಅವನ ಸಂಕಟ ಬೇರೆ. ಒಂದಕ್ಕೆ ಇನ್ನೊಂದರ ಹೆಸರಿಡಬಾರದೆಂಬುದು ಅವಳ ಒಂದು ಮಾತಿನಿಂದ ಸ್ಪಷ್ಟವಾಯಿತು. ಅವೆರಡಕ್ಕೂ ಬೇರೆ ಬೇರೆ ಪರಿಹಾರ ಹುಡುಕಿದೆವು.

ನಮ್ಮ ದಣಿವಿಗೆ ಪರಿಹಾರ ಸುಲಭವಿತ್ತು. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಂತೆ ಸರದಿ ಹಾಕಿಕೊಂಡೆವು. ಪತ್ನಿ ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗುವುದು, ಹತ್ತು ಗಂಟೆಯ ಹೊರಗಿನ ಸುತ್ತಷ್ಟೇ ಅವಳದು. ರಾತ್ರಿಯ ಪಾಳಿ ನನ್ನದು, ಮಧ್ಯಾಹ್ನ ಒಂದು ಗಂಟೆಯ ನಿದ್ದೆ ನನ್ನ ವೇಳಾಪಟ್ಟಿಗೂ ಸೇರಿತು. ಶನಿವಾರ ಭಾನುವಾರದ ರಾತ್ರಿಗಳಿಗೆ ಸಾಧ್ಯವಾದಾಗಲೆಲ್ಲ ಮಗಳು ಬರುತ್ತಾಳೆ.

ಅವನ ಸಂಕಟವನ್ನು ಅಳೆಯುವುದು ಹೇಗೆ? ಇದಕ್ಕೆ ವೈದ್ಯ ಶಿಷ್ಯರು ಒಂದು ಕ್ರಮ ತಿಳಿಸಿದರು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ೨೦೦೪ರಲ್ಲಿ ರೂಪಿಸಿದ ಅಳತೆಗೋಲು ಅದು. ನೋವು, ಹಸಿವು, ನೀರು, ಶುಚಿತ್ವ, ಸಂತೋಷ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಾಗಿವೆಯೇ ಎಂಬ ಏಳು ವಿಷಯಗಳು. ಒಂದೊಂದಕ್ಕೆ ಹತ್ತರಂತೆ ಒಟ್ಟು ೭೦ ಅಂಕ. ೩೫ಕ್ಕಿಂತ ಮೇಲಿದ್ದರೆ ಬದುಕು ಸಹನೀಯವೆಂದು ಅರ್ಥ. ನಾನು ಕಲಿಸುತ್ತಿದ್ದ ಕಾಲದಲ್ಲಿ ನಿಮಗೆಲ್ಲ ನೂರಕ್ಕೆ ೩೫ ಬಂದರೆ ಉತ್ತೀರ್ಣ. ಆ ಸಂಖ್ಯೆಯನ್ನು ಕೇಳಿ ದುಃಖದ ನಡುವೆಯೂ ನನಗೆ ನಗು ಬಂತು. ನಿಮ್ಮಲ್ಲಿ ಎಷ್ಟೋ ಮಂದಿಯ ಉತ್ತರಪತ್ರಿಕೆಯನ್ನು ಹಿಡಿದು ಆ ಒಂದು ಸಂಖ್ಯೆಯ ಸುತ್ತ ತಡಕಾಡಿದವನಲ್ಲವೇ ನಾನು!

ಪ್ರತಿ ಭಾನುವಾರ ನಾನೂ ಪತ್ನಿಯೂ ಪರಸ್ಪರ ನೋಡಿಕೊಳ್ಳದೆ ಬೇರೆ ಬೇರೆ ಚೀಟಿಯಲ್ಲಿ ಅಂಕ ಬರೆದು ಸರಾಸರಿ ತೆಗೆಯುತ್ತೇವೆ. ಮಳೆಯ ಆ ಕೆಟ್ಟ ವಾರದಲ್ಲಿ ಮೋತಿಗೆ ೩೮ ಬಂದಿತ್ತು. ಬಿಸಿಲು ಮರಳಿದ ಮೇಲೆ ೪೪, ಕಳೆದ ಭಾನುವಾರ ೪೭. ಕೃಪಾಂಕ ಕೊಡುವುದಿಲ್ಲವೆಂದು ಇಬ್ಬರೂ ಒಪ್ಪಿದ್ದೇವೆ. ಸತತ ಮೂರು ವಾರ ೩೫ಕ್ಕಿಂತ ಕಡಿಮೆ ಬಂದರೆ, ಅಥವಾ ತಡೆಯಲಾಗದ ನೋವು ಕಂಡರೆ ಒಂದು ದಿನವೂ ಕಾಯದೆ, ವೈದ್ಯರನ್ನು ಮನೆಗೇ ಕರೆಸುವುದೆಂದು ಮೂವರೂ ಕೂಡಿ ನಿರ್ಧರಿಸಿ ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇವೆ. ಆ ದಿನ ಬಂದಾಗ ನಮ್ಮ ಮನಸ್ಸು ಹಿಂಜರಿಯುತ್ತದೆಂದು ನಮಗೆ ಗೊತ್ತು. ಅದಕ್ಕಾಗಿಯೇ ಮನಸ್ಸು ಸ್ಥಿಮಿತದಲ್ಲಿರುವಾಗಲೇ ಬರೆದದ್ದು. ಮಗಳ ಪ್ರಶ್ನೆಗೆ ನನಗೆ ದೊರೆತ ಉತ್ತರವೂ ಇದೇ. ಅವನಿಗಾಗಿ ಉಳಿಸಿಕೊಂಡಿದ್ದೇವೆ, ಮತ್ತು ಅದು ನಿಜವೋ ಅಲ್ಲವೋ ಎಂದು ವಾರಕ್ಕೊಮ್ಮೆ ಪರೀಕ್ಷಿಸಿಕೊಳ್ಳುತ್ತೇವೆ.

ಮೋತಿ ಗುಣವಾಗುವುದಿಲ್ಲ. ವಾರಕ್ಕೆ ಎರಡು ಮೂರು ರಾತ್ರಿ ಈಗಲೂ ಏಳುತ್ತಾನೆ. ಹೋದ ತಿಂಗಳು ಒಂದು ದಿನ ನನ್ನನ್ನೇ ಗುರುತಿಸದೆ ಗುರುಗುಟ್ಟಿದ. ಕೈ ಮೂಸಿದ ಮೇಲೆ ಬಾಲ ಅಲ್ಲಾಡಿತು. ಮುಂದೊಂದು ದಿನ ಕೈ ಮೂಸಿದರೂ ತಿಳಿಯದೆ ಹೋಗಬಹುದು. ಆದರೆ ಚಪಾತಿಯ ಚೂರನ್ನು ಗೋಣಿಚೀಲದಿಂದ ಹೊರತೆಗೆಯುವಾಗ ಅವನ ಮಡಿಸಿದ ಕಿವಿ ಇಂದಿಗೂ ನಿಮಿರುತ್ತದೆ.

ಮನೆಯಲ್ಲಿ ಮುದಿ ನಾಯಿಯಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ. ಅದು ರಾತ್ರಿ ಎದ್ದು ಅತ್ತರೆ ಶಕುನವೆಂದು ಹೆದರಬೇಡಿ, ಹಟವೆಂದು ಹೊಡೆಯಬೇಡಿ, ವಯಸ್ಸೆಂದು ಕೈಚೆಲ್ಲಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಒಂದು ಪುಸ್ತಕದಲ್ಲಿ ಎರಡು ವಾರ ಬರೆಯಿರಿ. ಬಿಸಿಲು, ನಡಿಗೆ, ಊಟ, ನಿದ್ದೆ ಇವುಗಳ ಹೊತ್ತನ್ನು ತಪ್ಪಿಸಬೇಡಿ. ರಾತ್ರಿಗೊಂದು ಸಣ್ಣ ದೀಪವಿಡಿ. ಸರದಿಯಲ್ಲಿ ಎದ್ದೇಳಿ, ಒಬ್ಬರ ಮೇಲೆಯೇ ಹೊರೆ ಹಾಕಬೇಡಿ. ಸೋದರತ್ತೆಯ ಅತ್ತೆಯವರಂತೆ ಸಂಜೆಯಾದೊಡನೆ ಮನೆಗೆ ಹೋಗೋಣವೆನ್ನುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಇದರಲ್ಲಿ ಕೆಲವು ಮಾತು ಅಲ್ಲಿಗೂ ಸಲ್ಲಬಹುದು.

ಬರುವ ಭಾನುವಾರದ ಅಂಕವನ್ನು ಕೇಳಬೇಕೆನಿಸಿದವರು ದೂರವಾಣಿ ಮಾಡಿ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಾತ್ರ ಬೇಡ. ಆಗ ಮೋತಿಗೂ ನನಗೂ ನಿದ್ದೆಯ ಪಿರಿಯಡ್.